ಕೊಬ್ಬಿದ ಮರಿಯೇ ಯಾಕೆ ಸಾಯುತ್ತದೆ?

ಸುಗ್ಗಿ ಮುಗಿದು ಖಾಲಿ ಹೊಲಕ್ಕೆ ಕುರಿ ಬಿಟ್ಟ ದಿನಗಳಲ್ಲಿ ನಮ್ಮ ಕಡೆ ಕೇಳಿಬರುವ ಮಾತು: "ಹಿಂಡಿನಾಗ ಛಲೋ ಛಲೋ ಮರೀನ ಸತ್ತಾವ್ರಿ." ಬಡಕಲು ಮರಿ ಉಳಿಯುತ್ತದೆ, ಮೈ ತುಂಬಿದ ಮರಿ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತದೆ. ಹಾವು ಕಡೀತು, ದೃಷ್ಟಿ ತಾಗಿತು, ಬಾಜೂ ಹೊಲದವರು ವಿಷ ಇಟ್ಟರು ಅಂತ ಜಗಳ ಹತ್ತುವುದೂ ಉಂಟು. ಬಹಳ ಸಲ ಇದು ಕರುಳುಬೇನೆ. ದನದ ದವಾಖಾನೆಯಲ್ಲಿ 'ಇ.ಟಿ.' ಅಂತಾರೆ.

ಇದನ್ನು ತರುವ ಜೀವಾಣುವಿನ ಹೆಸರು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್, ಅದರಲ್ಲಿ 'ಡಿ' ಎಂಬ ಬಗೆ. ಇದು ಮಣ್ಣಿನಲ್ಲೂ ಇರುತ್ತದೆ, ಗಟ್ಟಿಮುಟ್ಟಾದ ಕುರಿಯ ಕರುಳಿನಲ್ಲೂ ಸ್ವಲ್ಪ ಇರುತ್ತದೆ. ಕುರಿ ಹುಲ್ಲು, ಕಣಿಕೆ ತಿನ್ನುತ್ತಿದ್ದರೆ ಅದಕ್ಕೆ ಬೇಕಾದ ಆಹಾರ ಸಿಗುವುದಿಲ್ಲ. ಹುಟ್ಟಿದ್ದು ಹಿಕ್ಕೆ ಜೊತೆ ಹೊರಗೆ ಹೋಗುತ್ತಿರುತ್ತದೆ.

ಕುರಿಯ ಮೊದಲನೇ ದೊಡ್ಡ ಹೊಟ್ಟೆಯಲ್ಲಿ ಉಪಕಾರಿ ಜೀವಾಣುಗಳಿವೆ. ಮೇವನ್ನೂ ಕಾಳನ್ನೂ ಅವು ಅಲ್ಲೇ ಕೊಳೆಸಿ ಅರಗಿಸುತ್ತವೆ. ಆದರೆ ಅವು ಕಾಳಿಗೆ ಹೊಂದಿಕೊಳ್ಳಲು ಎರಡು ವಾರವಾದರೂ ಬೇಕು. ಹಸಿದ ಹಿಂಡು ಒಮ್ಮೆಲೇ ಉದುರಿದ ಜೋಳದ ತೆನೆ, ಗೋವಿನಜೋಳ ಮುಕ್ಕಿದರೆ ಆ ಹೊಟ್ಟೆಗೆ ಆಗುವುದಿಲ್ಲ. ಕಾಳಿನ ಹಿಟ್ಟಿನಂಶ ಅರಗದೇ ಸಣ್ಣಕರುಳಿಗೆ ಇಳಿಯುತ್ತದೆ. ಅಲ್ಲಿ ಅದು ಒಡೆದು ಸಕ್ಕರೆ ಆಗುತ್ತದೆ. ಈ ಜೀವಾಣುವಿಗೆ ಅದೇ ಹಬ್ಬದ ಊಟ.

ಹೊಟ್ಟೆತುಂಬ ಸಿಕ್ಕರೆ ಇದು ಹತ್ತು ನಿಮಿಷದಲ್ಲಿ ಒಂದಿದ್ದದ್ದು ಎರಡಾಗಬಲ್ಲದು. ಲೆಕ್ಕ ಹಾಕಿ: ಒಂದು ತಾಸಿಗೆ 64, ಮೂರು ತಾಸಿಗೆ ಎರಡೂವರೆ ಲಕ್ಷಕ್ಕೂ ಮೇಲೆ! ಕಳೆ ಬೀಜ ಹೊಲದಲ್ಲಿ ಮೊದಲೇ ಇದ್ದು, ಯೂರಿಯಾ ಬಿದ್ದಾಗ ಎದ್ದ ಹಾಗೆ.

ಬೆಳೆಯುತ್ತಾ ಅದು ಒಂದು ವಿಷ ಬಿಡುತ್ತದೆ. ಬಿಡುವಾಗ ಈ ವಿಷಕ್ಕೆ ಜೋರಿಲ್ಲ. ಕುರಿಯ ಸ್ವಂತ ಜೀರ್ಣರಸವೇ ತಾಗಿ ಅದನ್ನು ಹರಿತ ಮಾಡುತ್ತದೆ. ಕರುಳಿನ ಗೋಡೆ ದಾಟಿ ರಕ್ತಕ್ಕೆ ಇಳಿದು ಮಿದುಳು, ಮೂತ್ರಪಿಂಡ ಕೆಡಿಸುತ್ತದೆ. ಮರಿ ತೂರಾಡಿ, ತಲೆ ಹಿಂದಕ್ಕೆ ಎಳೆದು, ಕಾಲು ಬಡಿದು ಕೆಲವೇ ತಾಸಿನಲ್ಲಿ ಸಾಯುತ್ತದೆ. ಉಳಿದವನ್ನು ನೂಕಿ ಹೆಚ್ಚು ತಿಂದದ್ದು ಬಲವಾದ ಮರಿ, ಅದಕ್ಕೇ ಅದು ಮೊದಲು ಹೋಗುತ್ತದೆ. ಹಾಲು ಹೆಚ್ಚು ಕುಡಿದ ಮರಿಗೂ, ಹೊಸ ಮಳೆಯ ಎಳೆಹುಲ್ಲು ಮೇದ ಕುರಿಗೂ ಇದೇ ಭಯ.

ಲಕ್ಷಣ ಕಂಡ ಮೇಲೆ ಔಷಧಕ್ಕೆ ವೇಳೆ ಇರುವುದಿಲ್ಲ. ಮುಂಚೆ ಮಾಡಬೇಕಾದ್ದು ಇಷ್ಟು:

1. ಹೊಲಕ್ಕೆ ಬಿಡುವ ಮೊದಲು ದೊಡ್ಡ ತೆನೆ ಆರಿಸಿಕೊಳ್ಳಿ.

2. ಹಸಿದ ಹಿಂಡು ಬಿಡಬೇಡಿ. ಕಣಿಕೆ, ಒಣಹುಲ್ಲು ತಿನ್ನಿಸಿ ಬಿಡಿ. ಮೊದಲ ದಿನ ಅರ್ಧ ತಾಸು ಸಾಕು, ದಿನಾ ಸ್ವಲ್ಪ ಹೆಚ್ಚಿಸಿ.

3. ಕಟ್ಟಿ ಮೇಯಿಸುವ ಟಗರಿಗೂ ಎರಡು ಮೂರು ವಾರದಲ್ಲಿ ಹಂತಹಂತವಾಗಿ ಕಾಳು ಏರಿಸಿ. ದಿನದ ಪಾಲನ್ನು ಎರಡು ಮೂರು ಸಲ ಹಂಚಿ ಕೊಡಿ.

4. ಮುಂಗಾರಿಗೆ ಮುಂಚೆ ಇ.ಟಿ. ಲಸಿಕೆ ಹಾಕಿಸಿ. ಮೊದಲ ಸಲವಾದರೆ ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಈಯಲು ಒಂದು ತಿಂಗಳಿರುವಾಗ ತಾಯಿಗೆ ಹಾಕಿಸಿದರೆ ಗಿಣ್ಣದ ಹಾಲಿನಿಂದ ಮರಿಗೂ ರಕ್ಷಣೆ.

ಒಂದು ಸತ್ತಿತೋ, ಉಳಿದವನ್ನು ಕೂಡಲೇ ಆ ಹೊಲದಿಂದ ಹೊಡೆದುಕೊಂಡು ಬಂದು ಒಣಮೇವು ಮಾತ್ರ ಹಾಕಿ. ಡಾಕ್ಟರನ್ನು ಬೇಗ ಕರೆಸಿ, ತಡವಾದರೆ ಮೂತ್ರಪಿಂಡ ಕೊಳೆತು ಗುರುತು ಸಿಗುವುದಿಲ್ಲ. ಈ ಬೇನೆಯಲ್ಲಿ ಸತ್ತ ಕುರಿಯ ಮೂತ್ರದಲ್ಲಿ ಹಲವು ಸಲ ಸಕ್ಕರೆ ಇರುತ್ತದೆ. ಮೂಗು, ಗುದದಿಂದ ಕಪ್ಪು ರಕ್ತ ಬಂದಿದ್ದರೆ ಮಾತ್ರ ಯಾರೂ ಕೊಯ್ಯಬಾರದು, ಅದು ಅಂತ್ರಾಕ್ಸ್ ಇರಬಹುದು, ಮನುಷ್ಯರಿಗೂ ಹತ್ತುತ್ತದೆ.

ಬಾಜೂದವರ ಮೇಲೆ ಸಂಶಯ ಪಡುವ ಮೊದಲು, ಸತ್ತ ಮರಿಯ ಹೊಟ್ಟೆಯಲ್ಲಿ ಕಾಳು ಎಷ್ಟಿದೆ ಅಂತ ಡಾಕ್ಟರಿಂದ ನೋಡಿಸಿ.