ಚಕ್ರದ ಕೆಳಗೊಂದು ಕಲ್ಲು

ಹೇಮಾವತಿಯ ನೊಳಂಬರ ಗುಡಿಗಳನ್ನು ನೋಡಬೇಕೆಂಬ ಆಸೆ ನಮಗೆ ಬಹಳ ದಿನಗಳಿಂದ ಇತ್ತು. ಹಿಂದೆ ಹೆಂಜೇರು ಎಂದು ಹೆಸರಾಗಿದ್ದ ಈ ಊರು ನೊಳಂಬ ಅರಸರ ರಾಜಧಾನಿ. ಇಲ್ಲಿನ ಕಂಬಗಳ ಕೆತ್ತನೆ ನೋಡಲು ದೂರದೂರದಿಂದ ಜನ ಬರುತ್ತಾರೆ. ಮಡಕಶಿರಾ ಸೀಮೆಯ ಈ ಭಾಗ 2022ರವರೆಗೆ ಅನಂತಪುರ ಜಿಲ್ಲೆಯಲ್ಲಿತ್ತು, ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ನಾಮಫಲಕಗಳು ತೆಲುಗಿನಲ್ಲಿದ್ದರೂ ಮನೆಯೊಳಗಿನ ಮಾತು ಕನ್ನಡವೇ. ಗುಡಿಯ ವಿಷಯವನ್ನು ಇನ್ನೊಮ್ಮೆ ಬರೆಯೋಣ. ಇವತ್ತು ಹೇಳಹೊರಟಿರುವುದು ಗುಡಿಗೆ ಹೋಗುವ ದಾರಿಯಲ್ಲಿ ಕಂಡದ್ದನ್ನು.

ಊರಿನ ಅಂಚಿನಲ್ಲಿ ಇಳಿಜಾರಿನ ದಾರಿ. ಅಲ್ಲೊಂದು ಟ್ರ್ಯಾಕ್ಟರ್ ನಿಂತಿತ್ತು. ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟಿದ್ದರು. ಸೀಟಿನ ಮೇಲೆ ಆರು ವರ್ಷದವನಿರಬಹುದು, ಒಬ್ಬ ಹುಡುಗ ಕುಳಿತು ಸ್ಟೇರಿಂಗ್ ತಿರುಗಿಸುತ್ತಾ ಬಾಯಲ್ಲೇ "ಡುರ್ರ್" ಎಂದು ಎಂಜಿನ್ ಓಡಿಸುತ್ತಿದ್ದ. ಅವನ ತಂಗಿ ಇರಬೇಕು, ಇನ್ನೂ ಚಿಕ್ಕವಳು, ಮುಂದಿನ ಚಕ್ರದ ಪಕ್ಕದ ನೆರಳಿನಲ್ಲಿ ಮಣ್ಣಾಟ ಆಡುತ್ತಿದ್ದಳು. ಜಗಲಿಯ ಮೇಲೆ ಕುಳಿತಿದ್ದ ಮನೆಯ ಯಜಮಾನರನ್ನು ಕೇಳಿದೆವು: "ಯಾಕಣ್ಣ, ಗಾಡಿ ಇಳಿಜಾರಲ್ಲಿ ಬಿಟ್ಟಿದ್ದೀರಿ?"

"ಬ್ಯಾಟ್ರಿ ಹೋಗೈತೆ ಸಾಮಿ. ಇಳಿಜಾರಲ್ಲಿದ್ರೆ ಬೆಳಗ್ಗೆ ಕಲ್ಲು ತೆಗೆದು ಬಿಟ್ರೆ ತಾನೇ ಸ್ಟಾರ್ಟ್ ಆಗ್ತೈತೆ."

"ಮಕ್ಕಳು?"

"ಅವನಿಗೆ ಅದರ ಮೇಲೇ ಪ್ರಾಣ. ಇಳಿಸಿದ್ರೆ ಅಳ್ತಾನೆ."

ಒಳ್ಳೆಯ ಮನುಷ್ಯ. ನಮಗೆ ಮಜ್ಜಿಗೆ ತರಿಸಿ ಕೊಟ್ಟರು. ಆದರೆ ಆ ಮಜ್ಜಿಗೆ ನಮಗೆ ಸಲೀಸಾಗಿ ಇಳಿಯಲಿಲ್ಲ. ಎರಡು ಟನ್ನಿನಷ್ಟು ತೂಗುವ ಕಬ್ಬಿಣಕ್ಕೂ ಮಣ್ಣಲ್ಲಿ ಆಡುವ ಮಗುವಿಗೂ ನಡುವೆ ಇದ್ದದ್ದು ಒಂದು ಕಲ್ಲು, ಮತ್ತು ಹುಡುಗನ ಕಾಲಿಗೆ ಇನ್ನೂ ಎಟುಕದ ಒಂದು ಕ್ಲಚ್ಚು. ಇನ್ನೊಂದು ವರ್ಷಕ್ಕೆ ಎಟುಕುತ್ತದೆ.

ಟ್ರ್ಯಾಕ್ಟರ್ ಅಪಘಾತ ಎಂದ ಕೂಡಲೇ ನಾವು ಚಾಲಕನ ಅವಸರ, ಕುಡಿತ, ಅದೃಷ್ಟ ಎಂದೆಲ್ಲ ಮಾತನಾಡುತ್ತೇವೆ. ಬ್ಯಾಟರಿಯ ಬಗ್ಗೆ ಯಾರೂ ಮಾತನಾಡುವುದಿಲ್ಲ. ಆದರೆ ಯೋಚಿಸಿ ನೋಡಿ. ಬ್ಯಾಟರಿ ಸತ್ತಿದ್ದರೆ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಬೇಕು. ಹೊಲದಲ್ಲಿ ಒಮ್ಮೆ ಸ್ಟಾರ್ಟ್ ಆದ ಎಂಜಿನ್ನನ್ನು ಸಂಜೆಯವರೆಗೆ ನಿಲ್ಲಿಸುವ ಹಾಗಿಲ್ಲ. ಮಧ್ಯೆ ರೋಟಾವೇಟರಿಗೆ ಹುಲ್ಲು ಸುತ್ತಿಕೊಂಡರೂ, ಬೋಲ್ಟ್ ಸಡಿಲವಾದರೂ, ಎಂಜಿನ್ ಓಡುತ್ತಿರುವಾಗಲೇ ಕೈ ಹಾಕಬೇಕು. ಕೀಲಿ ಕೆಲಸ ಮಾಡದಿದ್ದರೆ ಕೆಲವರು ನೆಲದ ಮೇಲೆ ನಿಂತು ಸ್ಕ್ರೂಡ್ರೈವರಿನಿಂದ ಸ್ಟಾರ್ಟರಿಗೆ ನೇರ ಕಿಡಿ ಕೊಡುತ್ತಾರೆ. ಗೇರಿನಲ್ಲಿದ್ದ ಗಾಡಿ ಕೂಡಲೇ ಮುಂದಕ್ಕೆ ಹಾರುತ್ತದೆ, ಕಿಡಿ ಕೊಟ್ಟವನು ನಿಂತಿರುವುದು ದೊಡ್ಡ ಚಕ್ರದ ಮುಂದೆಯೇ. ಹೀಗೆ ಒಂದು ಬ್ಯಾಟರಿಯ ಅಸಡ್ಡೆ ನಾಲ್ಕು ಕಡೆಯಿಂದ ಪ್ರಾಣಕ್ಕೆ ಬರುತ್ತದೆ. ರಿಪೇರಿ ಬೇರೆ, ಜೋಪಾನ ಬೇರೆ ಎಂದು ನಾವು ತಿಳಿದಿರುವುದು ತಪ್ಪು.

ಬ್ಯಾಟರಿಗೆ ಬೇಕಾದದ್ದು ಹೆಚ್ಚೇನಿಲ್ಲ. ಮುಚ್ಚಳ ತೆಗೆದು ನೋಡುವಂಥದ್ದಾದರೆ ಒಳಗಿನ ತಗಡುಗಳು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಇರಬೇಕು. ಬೋರ್‌ವೆಲ್ ನೀರು ಖಂಡಿತ ಬೇಡ, ಅದರಲ್ಲಿರುವ ಲವಣ ತಗಡನ್ನು ತಿನ್ನುತ್ತದೆ. ತುದಿಗಳಲ್ಲಿ ಬೆಳ್ಳಗೆ ಹಸಿರಾಗಿ ಪುಡಿ ಕಟ್ಟಿದ್ದರೆ ಅಡಿಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒಣಗಿಸಿ, ವೈರನ್ನು ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಬೇಕು. ವೈರ್ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಚಾರ್ಜಿಗೆ ಹಾಕಿದ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಬರುವುದರಿಂದ ಅದರ ಹತ್ತಿರ ಬೀಡಿ ಸೇದಬಾರದು. ಇಷ್ಟು ಮಾಡಿದರೂ ಅದು ಏಳದಿದ್ದರೆ ಹೊಸದು ತರಲೇಬೇಕು. ಸಾವಿರಾರು ರೂಪಾಯಿಯ ಮಾತು, ನಮಗೂ ಗೊತ್ತು. ಮಳೆ ಕೈಕೊಟ್ಟ ವರ್ಷ ಅದು ಸಣ್ಣ ದುಡ್ಡಲ್ಲ. ಆದರೂ ಟ್ರ್ಯಾಕ್ಟರಿಗೆ ಟೇಪ್ ರೆಕಾರ್ಡರ್, ಬಣ್ಣದ ಕುಚ್ಚು ಕೊಳ್ಳುವ ಮೊದಲು ಬ್ಯಾಟರಿ ಕೊಳ್ಳಬೇಕು.

ಈಗ ರೋಟಾವೇಟರಿನ ವಿಷಯ. ಮುಂಗಾರಿಗೆ ಮೊದಲು ಕಡಲೆಕಾಯಿ ಹೊಲ ಹದ ಮಾಡಲು ಈಗ ಎಲ್ಲ ಕಡೆ ಇದೇ ಓಡುತ್ತದೆ. ಟ್ರ್ಯಾಕ್ಟರಿನ ಹಿಂಬದಿಯಿಂದ ಇದಕ್ಕೆ ಶಕ್ತಿ ಕೊಡುವ ದಂಡವನ್ನು ನಮ್ಮವರು ಪಿ.ಟಿ.ಒ. ಶಾಫ್ಟ್ ಎನ್ನುತ್ತಾರೆ. ಅದು ನಿಮಿಷಕ್ಕೆ 540 ಸುತ್ತು ಸುತ್ತುವಂತೆ ಮಾಡಿರುತ್ತಾರೆ. ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಹೆಗಲ ಮೇಲಿನ ಟವೆಲ್ಲಿನ ತುದಿಯೋ, ಪಂಚೆಯ ಅಂಚೋ, ಸೀರೆಯ ಸೆರಗೋ ಅದಕ್ಕೆ ತಗುಲಿದರೆ "ಅಯ್ಯೋ" ಎನ್ನುವಷ್ಟರಲ್ಲಿ ಒಂಬತ್ತು ಸುತ್ತು ಸುತ್ತಿಕೊಂಡಿರುತ್ತದೆ. ಎಳೆದುಕೊಳ್ಳಲು ಮನುಷ್ಯನ ಕೈಗೆ ಸಮಯ ಇರುವುದಿಲ್ಲ, ಸೀಟಿನ ಮೇಲಿರುವವನಿಗೆ ನಿಲ್ಲಿಸಲೂ ಸಮಯ ಇರುವುದಿಲ್ಲ. ಈ ದಂಡದ ಮೇಲೆ ಪ್ಲಾಸ್ಟಿಕ್ಕಿನ ಕವಚ ಬರುತ್ತದೆ. ಗ್ರೀಸ್ ಹೊಡೆಯಲು ಅಡ್ಡಿ ಎಂದು ಅದನ್ನು ಮೊದಲ ವಾರವೇ ಕಿತ್ತು ಕೊಟ್ಟಿಗೆಯ ಮಾಡಿನ ಮೇಲೆ ಎಸೆದಿರುವ ಮನೆಗಳು ಎಷ್ಟೋ. ಎಸೆದಿದ್ದರೆ ಹುಡುಕಿ ತಂದು ಹಾಕಿ. ಒಡೆದಿದ್ದರೆ ಬೇರೆ ಸಿಗುತ್ತದೆ.

ಹುಲ್ಲು, ಹಂಬು, ಹಳೆಯ ಡ್ರಿಪ್ ಪೈಪು ಇವೆಲ್ಲ ರೋಟಾವೇಟರಿನ ಅಲಗುಗಳಿಗೆ ಸುತ್ತಿಕೊಳ್ಳುವುದು ದಿನದ ಮಾತು. ಆಗ ನಡೆಯುವುದು ಹೀಗೆ: ಚಾಲಕ ಕ್ಲಚ್ಚಿನ ಮೇಲೆ ಕಾಲಿಟ್ಟು ಕುಳಿತಿರುತ್ತಾನೆ, ಇನ್ನೊಬ್ಬ ಕೆಳಗೆ ಕುಳಿತು ಬಿಡಿಸುತ್ತಾನೆ. ಕೆಸರಾದ ಚಪ್ಪಲಿ, ಬೆಳಗಿನಿಂದ ಸೋತ ಕಾಲು. ಜಾರಿದರೆ ಕೆಳಗಿನವನ ಕೈ ಹೋಯಿತು. ಕೈ ಕಳೆದುಕೊಂಡ ಒಬ್ಬ ತಮ್ಮನನ್ನು ನಾವು ಬಲ್ಲೆವು. ಕ್ಲಚ್ ತುಳಿದಿದ್ದವನು ಅವನ ಸ್ವಂತ ಅಣ್ಣ. ಇಬ್ಬರೂ ಇಂದಿಗೂ ಒಂದೇ ಮನೆಯಲ್ಲಿದ್ದಾರೆ, ಆ ದಿನದ ಬಗ್ಗೆ ಮಾತ್ರ ಮನೆಯಲ್ಲಿ ಯಾರೂ ಮಾತನಾಡುವುದಿಲ್ಲ. ಹಾಗಾಗಿ ಪಿ.ಟಿ.ಒ. ಲಿವರನ್ನು ಬಿಡಿಸಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ತೆಗೆಯಬೇಕು. ಕೆಳಗೆ ಕೈ ಹಾಕುವವನ ಜೇಬಿನಲ್ಲೇ ಆ ಕೀಲಿ ಇರಬೇಕು. ರೋಟಾವೇಟರನ್ನು ಎತ್ತಿ ಅದರ ಕೆಳಗೆ ಕೆಲಸ ಮಾಡುವುದಾದರೆ ಮರದ ದಿಮ್ಮಿ ಕೊಡಬೇಕು. ಹೈಡ್ರಾಲಿಕ್ಕನ್ನು ನಂಬಿ ಕೆಳಗೆ ತೂರಬಾರದು. ಗಾಡಿ ಬಿಟ್ಟು ಊಟಕ್ಕೆ ಹೋಗುವಾಗಲೂ ಅದನ್ನು ನೆಲಕ್ಕೆ ಇಳಿಸಿಯೇ ಹೋಗಬೇಕು.

ಟ್ರ್ಯಾಕ್ಟರಿನ ಬ್ರೇಕ್ ಬಗ್ಗೆ ಒಂದು ಮಾತು. ಕಾರಿನ ಹಾಗೆ ಇದಕ್ಕೆ ಒಂದೇ ಬ್ರೇಕ್ ಅಲ್ಲ, ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಪೆಡಲ್ ಇರುತ್ತದೆ. ಹೊಲದ ಮೂಲೆಯಲ್ಲಿ ಗಕ್ಕನೆ ತಿರುಗಿಸಲು ಇದು ಅನುಕೂಲ. ಆದರೆ ರಸ್ತೆಗೆ ಬರುವ ಮೊದಲು ಎರಡೂ ಪೆಡಲ್‌ಗಳನ್ನು ಕೂಡಿಸುವ ಕೊಂಡಿ ಹಾಕಲೇಬೇಕು. ಇಲ್ಲದಿದ್ದರೆ ವೇಗದಲ್ಲಿ ತುಳಿದಾಗ ಒಂದೇ ಚಕ್ರ ಹಿಡಿದು ಗಾಡಿ ಅಡ್ಡಕ್ಕೆ ತಿರುಗಿ ಮಗುಚುತ್ತದೆ. ಡೀಸೆಲ್ ಉಳಿಯಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರಿದ್ದಾರೆ. ಹಿಂದೆ ತುಂಬಿದ ಟ್ರೇಲರ್ ನೂಕುತ್ತಿರುವಾಗ ಬರೀ ಬ್ರೇಕ್ ಅದನ್ನು ಹಿಡಿಯಲಾರದು. ಗಾಡಿ ಕೆಸರಿನಲ್ಲಿ ಹೂತರೆ ಸರಪಣಿಯನ್ನು ಕೆಳಗಿನ ಡ್ರಾಬಾರಿಗೇ ಕಟ್ಟಬೇಕು. ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿ ಎಳೆದರೆ ಮೂತಿ ಮೇಲೆದ್ದು ಗಾಡಿ ಚಾಲಕನ ಮೇಲೇ ಹಿಂದಕ್ಕೆ ಬೀಳುತ್ತದೆ, ಎರಡು ಸೆಕೆಂಡೂ ಬೇಕಾಗುವುದಿಲ್ಲ. ಮಗುಚಿದರೂ ಚಾಲಕ ಉಳಿಯಲೆಂದು ಸೀಟಿನ ಹಿಂದೆ ಬಲವಾದ ಕಬ್ಬಿಣದ ಚೌಕಟ್ಟು ಇರಬೇಕೆಂದು ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಕಡ್ಡಾಯ ಮಾಡಿತು. ಅಲ್ಲಿ ಮಗುಚಿ ಸಾಯುವವರು ಬಹಳ ಕಡಿಮೆಯಾದರು. ನೆರಳಿಗೆಂದು ನಾವು ಹಾಕಿಸುವ ತಗಡಿನ ಚಾವಣಿ ಅದಲ್ಲ. ಅಂಥ ಚೌಕಟ್ಟು ಇದ್ದರೆ ಸೀಟ್ ಬೆಲ್ಟ್ ಹಾಕಿಕೊಳ್ಳಬೇಕು.

ಸೀಟಿನ ಮಾತು ಬಂತು. ಟ್ರ್ಯಾಕ್ಟರಿಗೆ ಇರುವುದು ಒಂದೇ ಸೀಟು. ಮಡ್‌ಗಾರ್ಡ್ ಸೀಟಲ್ಲ. ಟ್ರ್ಯಾಕ್ಟರಿನ ಮೇಲೆ ಬೇರೆಯವರನ್ನು ಕೂರಿಸಬಾರದೆಂದು 1989ರ ರಸ್ತೆ ನಿಯಮಗಳಲ್ಲೇ ಬರೆದಿತ್ತು. ಆದರೆ ನಮ್ಮ ಕಡೆ ಮಡ್‌ಗಾರ್ಡಿನ ಮೇಲೆ ಹೆಂಡತಿ, ತೊಡೆಯ ಮೇಲೆ ಮಗು, ಟ್ರೇಲರಿನಲ್ಲಿ ಇಡೀ ಬೀದಿ ಹೀಗೆಯೇ ಮದುವೆಗೂ ಜಾತ್ರೆಗೂ ಹೋಗುವುದು. ನಮ್ಮ ಚರ್ಚಿನ ಹಬ್ಬಗಳಿಗೂ ಹೀಗೆ ಬರುವವರಿದ್ದಾರೆ, ಸುಳ್ಳೇಕೆ ಹೇಳಬೇಕು. 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರದ ಹತ್ತಿರ ಘಾಟಂಪುರದಲ್ಲಿ ದೇವಸ್ಥಾನದಿಂದ ಹಿಂತಿರುಗುತ್ತಿದ್ದವರ ಟ್ರೇಲರ್ ನೀರಿನ ಹೊಂಡಕ್ಕೆ ಮಗುಚಿ ಇಪ್ಪತ್ತೈದಕ್ಕೂ ಹೆಚ್ಚು ಜನ ತೀರಿಕೊಂಡರು. ಹೆಚ್ಚಿನವರು ಹೆಂಗಸರು, ಮಕ್ಕಳು. ಬಸ್ಸಿಲ್ಲದ ಊರಿನವರಿಗೆ ಬೇರೆ ದಾರಿ ಏನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಬ್ಬದ ದಿನ ನಾಲ್ಕು ಮನೆಯವರು ಸೇರಿ ಒಂದು ಬಾಡಿಗೆ ವ್ಯಾನ್ ಮಾಡುವುದನ್ನು ಧರ್ಮಕೇಂದ್ರದ ಸಮಿತಿಗಳು ಮನಸ್ಸು ಮಾಡಿದರೆ ಮೊದಲೇ ಗೊತ್ತು ಮಾಡಬಹುದು.

ನಮ್ಮ ಓದುಗರಲ್ಲಿ ಮಕ್ಕಳು ಅಮೆರಿಕದಲ್ಲಿರುವವರೂ ಇದ್ದಾರೆ. ಅಲ್ಲಿ ಮನೆಯ ಸುತ್ತಲಿನ ಹುಲ್ಲು ಕತ್ತರಿಸಲು ಕುಳಿತು ಓಡಿಸುವ ಪುಟ್ಟ ಯಂತ್ರವಿರುತ್ತದೆ, ನೋಡಲು ಆಟಿಕೆ ಟ್ರ್ಯಾಕ್ಟರಿನಂತೆ. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹಾಕುವ ಆಸೆ ಯಾವ ತಾತನಿಗೂ ಬರುತ್ತದೆ. ಅದರ ಹೊಟ್ಟೆಯ ಕೆಳಗೆ ಅಲಗು ತಿರುಗುತ್ತಿರುತ್ತದೆ. ಹದಿನಾರು ತುಂಬದವರು ಅದನ್ನು ಓಡಿಸಬಾರದು, ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಲೂಬಾರದು ಎಂದು ಆ ದೇಶದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಹಿಂದಕ್ಕೆ ತೆಗೆಯುವಾಗ ತಾತನ ಹಿಂದೆ ಓಡಿಬಂದ ಮಗುವೇ ಅದಕ್ಕೆ ಸಿಕ್ಕಿಬೀಳುವುದುಂಟು. ಹುಲ್ಲು ಕತ್ತರಿಸುವಷ್ಟು ಹೊತ್ತು ಮಕ್ಕಳು ಮನೆಯೊಳಗೇ ಇರಲಿ.

ರೈತರ ಪಾಲಕ ಸಂತ ಇಸಿದೋರರ ಹಬ್ಬ ಮೇ 15ಕ್ಕೆ ಬರುತ್ತದೆ, ನಮ್ಮ ಉಳುಮೆಯ ಕಾಲಕ್ಕೆ ಸರಿಯಾಗಿ. ಸ್ಪೇನಿನ ಮದ್ರಿದ್ ಬಳಿ ಬೇರೆಯವರ ಹೊಲದಲ್ಲಿ ಕೂಲಿಯಾಳಾಗಿ ದುಡಿದ ಇವರನ್ನು 1622ರಲ್ಲಿ ಇಗ್ನಾಸಿಯವರು, ಫ್ರಾನ್ಸಿಸ್ ಝೇವಿಯರರ ಜೊತೆಯಲ್ಲೇ ಸಂತರೆಂದು ಸಾರಲಾಯಿತು. ಇವರ ಪುಟ್ಟ ಮಗ ಬಾವಿಗೆ ಬಿದ್ದನೆಂದೂ, ತಂದೆತಾಯಿ ಮೊಣಕಾಲೂರಿ ಪ್ರಾರ್ಥಿಸಿದಾಗ ನೀರು ಮೇಲೇರಿ ಮಗುವನ್ನು ದಡಕ್ಕೆ ತಂದಿತೆಂದೂ ಕಥೆಯಿದೆ. ಈ ಕಥೆ ಕೇಳುವಾಗಲೆಲ್ಲ ನಮ್ಮ ಸೀಮೆಯ ಕಟ್ಟೆಯಿಲ್ಲದ ಬಾವಿಗಳೂ, ಅವುಗಳ ಅಂಚಿನಲ್ಲೇ ಉಳುವ ಟ್ರ್ಯಾಕ್ಟರುಗಳೂ ಕಣ್ಣಮುಂದೆ ಬರುತ್ತವೆ. ಬಾವಿಯಿಂದ ದೂರವಿಟ್ಟು ಉತ್ತರೆ ನಾಲ್ಕು ಸಾಲು ಕಡಲೆಕಾಯಿ ಹೋಗಬಹುದು, ಅಷ್ಟೇ. ಪವಿತ್ರಗ್ರಂಥ ಈ ವಿಷಯದಲ್ಲಿ ಬಹಳ ನೇರ. ಹೊಸ ಮನೆ ಕಟ್ಟಿದವನು ಮಾಳಿಗೆಗೆ ಅಡ್ಡಗೋಡೆ ಕಟ್ಟಬೇಕು, ಕಟ್ಟದೆ ಯಾರಾದರೂ ಬಿದ್ದರೆ ಆ ರಕ್ತದ ದೋಷ ಮನೆಯ ಮೇಲೆ ಬರುತ್ತದೆ ಎನ್ನುತ್ತದೆ ಧರ್ಮೋಪದೇಶಕಾಂಡದ 22ನೇ ಅಧ್ಯಾಯ. ಅಲ್ಲಿ ವಿಧಿಯ ಮಾತೇ ಇಲ್ಲ, ಯಜಮಾನನ ಮಾತಿದೆ. ಹೊಸ ಟ್ರ್ಯಾಕ್ಟರನ್ನು ಚರ್ಚಿನ ಮುಂದೆ ನಿಲ್ಲಿಸಿ ಗುರುಗಳಿಂದ ತೀರ್ಥ ಪ್ರೋಕ್ಷಣೆ ಮಾಡಿಸುತ್ತೇವಲ್ಲ, ಆಗ ಗುರುಗಳು ಪಿ.ಟಿ.ಒ. ಕವಚ ಇದೆಯೇ, ಕೀಲಿ ಮನೆಯಲ್ಲಿ ಎಲ್ಲಿ ನೇತುಹಾಕುತ್ತೀರಿ ಎಂದೂ ಕೇಳಿದರೆ ನಮಗಂತೂ ಸಂತೋಷ.

ಗುಡಿ ನೋಡಿಕೊಂಡು ಹಿಂತಿರುಗುವಾಗ ಸಂಜೆಯಾಗಿತ್ತು. ಯಜಮಾನರು ಎಲ್ಲಿಗೋ ಹೊರಟಿದ್ದರೆಂದು ಕಾಣುತ್ತದೆ, ಟ್ರ್ಯಾಕ್ಟರ್ ಅಲ್ಲಿರಲಿಲ್ಲ. ಹುಡುಗ ಜಗಲಿಯ ಮೇಲೆ ತಂಗಿಯ ಜೊತೆ ಮಂಡಕ್ಕಿ ತಿನ್ನುತ್ತಿದ್ದ. ಚಕ್ರಕ್ಕೆ ಕೊಟ್ಟಿದ್ದ ಕಲ್ಲು ದಾರಿಯ ನಡುವೆಯೇ ಬಿದ್ದಿತ್ತು. ಕತ್ತಲಾದ ಮೇಲೆ ಬೈಕಿನವರು ಬರುತ್ತಾರೆಂದು ನಾವಿಬ್ಬರು ಅದನ್ನು ಎತ್ತಿ ಬೇಲಿಯ ಪಕ್ಕಕ್ಕೆ ಹಾಕಿದೆವು.