ಗುರಿಯ ಗುಟ್ಟು ಮರದ ಹಿಡಿಯಲ್ಲಿ

ಗುದ್ದಲಿಯ ಕಾವು ಒರಟಾಗಿದ್ದರೆ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ಕುಡುಗೋಲಿನ ಹಿಡಿ ಸಡಿಲವಾದರೆ ಬೆರಳಿಗೇ ಅಪಾಯ. ಕೈಗೂ ಕಬ್ಬಿಣಕ್ಕೂ ನಡುವೆ ಇರುವ ಆ ಮರದ ತುಂಡಿನ ಬೆಲೆಯನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗುರಿ ಹೊಡೆಯುವ ಕ್ರೀಡೆಯಲ್ಲೂ ಇದೇ ಮಾತು ನಿಜ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಡೆದ ಎರಡು ಕಂಚಿನ ಪದಕಗಳೂ 10 ಮೀಟರ್ ಏರ್ ಪಿಸ್ತೂಲಿನವು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದೂ ಇದರಲ್ಲೇ. ಈ ಪಿಸ್ತೂಲಿನ ಹಿಡಿ ಸಿನಿಮಾದಲ್ಲಿ ಕಾಣುವಂಥದ್ದಲ್ಲ. ಹೆಬ್ಬೆರಳು ಒರಗಲು ಒಂದು ತಾಣ, ಉಳಿದ ಬೆರಳುಗಳಿಗೆ ತಗ್ಗು, ಅಂಗೈಯ ಅಂಚಿಗೆ ಆಸರೆಯಾಗಿ ಮೇಲೆ ಕೆಳಗೆ ಸರಿಸಬಹುದಾದ ಪುಟ್ಟ ಹಲಗೆ ಇವೆಲ್ಲ ಅದರಲ್ಲಿರುತ್ತವೆ. ಬಲಗೈಗೆ ಬೇರೆ, ಎಡಗೈಗೆ ಬೇರೆ. ಪಾದರಕ್ಷೆಯಂತೆ ಅಳತೆಗಳೂ ಉಂಟು. ಕಾರ್ಖಾನೆಯ ಹಿಡಿಯನ್ನು ಬಿಚ್ಚಿ, ಕುಶಲಕರ್ಮಿಗಳು ಪ್ರತ್ಯೇಕವಾಗಿ ಮಾಡಿದ್ದನ್ನು ಜೋಡಿಸಿಕೊಳ್ಳಲೂಬಹುದು. ಜರ್ಮನಿಯಲ್ಲಿ ಇದನ್ನೇ ಕಸುಬಾಗಿಸಿಕೊಂಡ ಸಂಸ್ಥೆಗಳಿವೆ.

ಒಂದು ಮಿಲಿಮೀಟರಿನ ಲೆಕ್ಕ

ಇಷ್ಟೆಲ್ಲ ಏಕೆ? ಪ್ರೌಢಶಾಲೆಯ ಸಮರೂಪ ತ್ರಿಭುಜಗಳನ್ನು ನೆನಪಿಸಿಕೊಳ್ಳಿ. ಪಿಸ್ತೂಲಿನ ತುದಿಯಲ್ಲಿ ಒಂದು ಮೊನೆ, ಹಿಂಭಾಗದಲ್ಲಿ ಒಂದು ಕಚ್ಚು. ಕಚ್ಚಿನ ನಡುವೆ ಮೊನೆ ಸರಿಯಾಗಿ ಕಾಣಬೇಕು. ಇವೆರಡರ ಅಂತರ ಸುಮಾರು 35 ಸೆಂಟಿಮೀಟರ್ ಎಂದುಕೊಳ್ಳೋಣ. ಮೊನೆ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ 10 ಮೀಟರ್ ದೂರದಲ್ಲಿ ಗುಂಡು ಹೆಚ್ಚುಕಡಿಮೆ 29 ಮಿಲಿಮೀಟರ್ ಆಚೆ ಬೀಳುತ್ತದೆ. ಹತ್ತು ಅಂಕದ ವೃತ್ತದ ವ್ಯಾಸ ಬರೀ 11.5 ಮಿಲಿಮೀಟರ್! ಹತ್ತು ಬರಬೇಕಾದಲ್ಲಿ ಏಳು ಬರುತ್ತದೆ. ಅರ್ಹತಾ ಸುತ್ತಿನಲ್ಲಿ ಹೀಗೆ 60 ಬಾರಿ ಹೊಡೆಯಬೇಕು. ಪ್ರತಿ ಸಲವೂ ಕೈ ಅದೇ ಜಾಗದಲ್ಲಿ, ಅದೇ ಹದದಲ್ಲಿ ಕೂರುವಂತೆ ಮಾಡುವುದೇ ಹಿಡಿಯ ಕೆಲಸ.

ಅಕ್ರೋಟು ಮರವೇ ಏಕೆ?

ಒಳ್ಳೆಯ ಹಿಡಿಗೆ ಹೆಚ್ಚಾಗಿ ಬಳಸುವುದು ಅಕ್ರೋಟು ಮರ. ಚೆನ್ನಾಗಿ ಒಣಗಿದ ಮೇಲೆ ಅದು ಸುಲಭವಾಗಿ ಸೊಟ್ಟಗಾಗದು; ಸೂಕ್ಷ್ಮವಾಗಿ ಕೆತ್ತಿದರೂ ಸಿಬಿರು ಏಳದು. ಕಾಶ್ಮೀರದ ಕೆತ್ತನೆಗಾರರು ಇದನ್ನೇ ನೆಚ್ಚಿಕೊಂಡಿರುವುದು ಸುಮ್ಮನಲ್ಲ. ನಮ್ಮ ಬೀಟೆಯೂ ಚೆಂದವೇ. ಆದರೆ ಅದು ಇನ್ನೂ ಭಾರ. ನಿಯಮದ ಪ್ರಕಾರ ಏರ್ ಪಿಸ್ತೂಲಿನ ಒಟ್ಟು ತೂಕ 1,500 ಗ್ರಾಂ ಮೀರುವಂತಿಲ್ಲ.

ಕಸುಬುದಾರನ ಕೈಚಳಕವನ್ನು ನೀವೇ ಪರೀಕ್ಷಿಸಬಹುದು. ಮರದ ನಾರು ಹಿಡಿಯ ಉದ್ದಕ್ಕೂ ಹರಿದಿರಬೇಕು. ಅಡ್ಡ ಹರಿದರೆ ಅಲ್ಲೇ ಸೀಳುವ ಭಯ. ಮರ ಮತ್ತು ಲೋಹ ಕೂಡುವಲ್ಲಿ ಸಂದು ಕಾಣಬಾರದು. ಅಂಗೈ ತಾಗುವ ಕಡೆ ಕನ್ನಡಿಯಂಥ ಹೊಳಪು ಬೇಡ. ಬೆವರಿದ ಕೈ ಜಾರದಂತೆ ಸಣ್ಣ ಚುಕ್ಕೆಗಳನ್ನು ಕೊರೆದು ತರಿತರಿಯಾಗಿಸಿರಬೇಕು. ಮರಕ್ಕೆ ಅಗಸೆ ಎಣ್ಣೆಯನ್ನು ತೆಳ್ಳಗೆ, ಮತ್ತೆ ಮತ್ತೆ ತಿಕ್ಕಿ ಕುಡಿಸುವುದು ಹಳೆಯ ಪದ್ಧತಿ.

ಪಾಲಕರಿಗೆ ಒಂದು ಮಾತು

ಮಗ ಅಥವಾ ಮಗಳು ಹೊಸ ಹಿಡಿ ಬೇಕೆಂದು ಹಟ ಹಿಡಿದರೆ ತಕ್ಷಣ ದುಡ್ಡು ಸುರಿಯಬೇಡಿ. ಬೆಳೆಯುವ ಮಕ್ಕಳ ಕೈಗೆ ಇಂದು ಒಪ್ಪಿದ್ದು ಕೆಲವು ತಿಂಗಳಲ್ಲಿ ಬಿಗಿಯಾದೀತು. ಮೊದಲು ಇರುವ ಹಿಡಿಯನ್ನೇ ತರಬೇತುದಾರರ ಕೈಯಲ್ಲಿ ಸರಿಪಡಿಸಿಕೊಳ್ಳಿ: ಹೆಚ್ಚಾದಲ್ಲಿ ಅರದಿಂದ ಉಜ್ಜಿ, ಕಡಿಮೆಯಾದಲ್ಲಿ ಮರದ ಪುಟ್ಟಿ ತುಂಬಿ.

ಒಂದು ಸರಳ ಪರೀಕ್ಷೆಯಿದೆ. ಶೂಟಿಂಗ್ ರೇಂಜಿನಲ್ಲಿ, ತರಬೇತುದಾರರ ಎದುರು, ಗುಂಡು ತುಂಬದ ಪಿಸ್ತೂಲನ್ನು ಕಣ್ಣು ಮುಚ್ಚಿ ಗುರಿಯತ್ತ ಎತ್ತಲಿ. ಆಮೇಲೆ ಕಣ್ಣು ಬಿಡಲಿ. ಮೊನೆ ಕಚ್ಚಿನ ನಡುವೆಯೇ ನಿಂತಿದ್ದರೆ ಹಿಡಿ ಕೈಗೆ ಒಗ್ಗಿದೆ. ಮತ್ತೆ ಮತ್ತೆ ಒಂದೇ ಪಕ್ಕಕ್ಕೆ ವಾಲುತ್ತಿದ್ದರೆ ತಿದ್ದಬೇಕಾದ್ದು ಹಿಡಿಯನ್ನು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತಿದ್ದರೆ? ಆಗ ಬೇಕಾದ್ದು ಹೊಸ ಮರವಲ್ಲ, ಇನ್ನಷ್ಟು ಅಭ್ಯಾಸ.