ಪರೀಕ್ಷೆಗಲ್ಲ, ಸರತಿ ಸಾಲಿಗೆ ಅಂಜುವ ಗಂಡಸರು

ಗರ್ಭಿಣಿಯೊಬ್ಬಳು ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆದಳೆಂದರೆ, ಇತರ ರಕ್ತಪರೀಕ್ಷೆಗಳೊಂದಿಗೆ ಎಚ್‌ಐವಿ ಮತ್ತು ಸಿಫಿಲಿಸ್ ತಪಾಸಣೆಯೂ ನಡೆಯಬೇಕೆಂಬುದು ನಿಯಮ. ಆಕೆಯ ಪತಿಗೆ ಅಂಥ ಸಹಜವಾದ ಬಾಗಿಲು ಯಾವುದೂ ಇಲ್ಲ. ಮೈಯಲ್ಲಿ ಏನಾದರೂ ತೊಂದರೆ ಕಾಣಿಸಿಕೊಂಡಾಗ ಮಾತ್ರ, ಅದೂ ತಡೆಯಲಾಗದ ಹಂತಕ್ಕೆ ಬಂದಾಗ, ಆತ ವೈದ್ಯರನ್ನು ಹುಡುಕುತ್ತಾನೆ. ಇದರ ಫಲವನ್ನು ಉಣ್ಣುವವರು ಮಾತ್ರ ಇಬ್ಬರು. ಪತ್ನಿಗೆ ಸಿಫಿಲಿಸ್ ವಾಸಿಯಾದರೂ ಪತಿಗೆ ಚಿಕಿತ್ಸೆಯಾಗದಿದ್ದರೆ ಸೋಂಕು ಮರಳಿ ಮನೆಗೆ ಬರಬಲ್ಲದು. ಅದು ಗರ್ಭದಲ್ಲಿರುವ ಮಗುವಿನ ಪ್ರಾಣಕ್ಕೂ ಎರವಾಗಬಲ್ಲದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ 15ರಿಂದ 49 ವರ್ಷ ವಯೋಮಾನದವರಲ್ಲಿ ಕ್ಲಮಿಡಿಯಾ, ಗೊನೋರಿಯಾ, ಸಿಫಿಲಿಸ್ ಮತ್ತು ಟ್ರೈಕೊಮೋನಿಯಾಸಿಸ್ ಎಂಬ ನಾಲ್ಕು ಸೋಂಕುಗಳ 37.4 ಕೋಟಿ ಹೊಸ ಪ್ರಕರಣಗಳು ಜಗತ್ತಿನಲ್ಲಿ ಉಂಟಾದವು. ನಾಲ್ಕೂ ಔಷಧಿಯಿಂದ ಗುಣವಾಗುವಂಥವೇ. ಆದರೆ ಅನೇಕರಲ್ಲಿ ಇವು ಯಾವ ಲಕ್ಷಣವನ್ನೂ ತೋರದೆ ಉಳಿಯುತ್ತವೆ. ಹೀಗಾಗಿ ಲಕ್ಷಣ ಕಾಣುವವರೆಗೆ ಕಾಯುವುದೆಂದರೆ ಸೋಂಕು ಇನ್ನೊಬ್ಬರಿಗೆ ದಾಟಲು ಕಾಲಾವಕಾಶ ಕೊಟ್ಟಂತೆ.

ಏಕೆ ಹಿಂಜರಿಕೆ?

ನಗರಗಳ ಕಟ್ಟಡ ಕಾರ್ಮಿಕರು, ಚಾಲಕರು, ಹೋಟೆಲ್ ಹುಡುಗರು, ಮನೆಮನೆಗೆ ಸಾಮಾನು ತಲುಪಿಸುವವರು ಈ ವಿಷಯದಲ್ಲಿ ಅತ್ಯಂತ ಹಿಂದುಳಿದ ವರ್ಗ. ಹೊರರೋಗಿ ವಿಭಾಗದ ವೇಳೆ ಎಂದರೆ ಅವರ ದುಡಿಮೆಯ ವೇಳೆ. ಅರ್ಧ ದಿನ ಸರತಿ ಸಾಲಿನಲ್ಲಿ ನಿಂತರೆ ಅಂದಿನ ಕೂಲಿ ಹೋಯಿತೆಂದೇ ಅರ್ಥ. ಚೀಟಿ ಬರೆಯುವವರು "ಏನು ತೊಂದರೆ?" ಎಂದು ಹತ್ತು ಜನರ ಎದುರು ಕೇಳಿದರೆ ಉತ್ತರಿಸುವುದಾದರೂ ಹೇಗೆ? ಪರಿಣಾಮವಾಗಿ ಹಲವರು ಬಸ್ ನಿಲ್ದಾಣದ ಗೋಡೆಯ ಮೇಲಿನ ‘ಗುಪ್ತರೋಗ’ ಚಿಕಿತ್ಸೆಯ ಜಾಹೀರಾತಿಗೆ ಮಾರುಹೋಗುತ್ತಾರೆ. ಇಲ್ಲವೇ ಮೆಡಿಕಲ್ ಶಾಪಿನಲ್ಲಿ ನಾಲ್ಕು ಮಾತ್ರೆ ಕೊಂಡು ನುಂಗುತ್ತಾರೆ. ಗೊನೋರಿಯಾ ರೋಗಾಣು ಈಗಾಗಲೇ ಹಲವು ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದಂತಾಗಿರುವಾಗ ಇಂಥ ಅರೆಬರೆ ಚಿಕಿತ್ಸೆ ಅಪಾಯಕಾರಿ.

ಗಂಡಸರಿಗೆ ತಮ್ಮ ಆರೋಗ್ಯದ ಬಗ್ಗೆ ಅಸಡ್ಡೆ ಎಂಬುದು ಸಾಮಾನ್ಯ ದೂರು. ಆದರೆ ಬೇರೆ ದೇಶಗಳಲ್ಲಿ ನಡೆದ ಪ್ರಯೋಗಗಳು ಬೇರೆಯದೇ ಚಿತ್ರ ನೀಡುತ್ತವೆ.

ಲಂಡನ್ನಿನ ಆರು ಹವ್ಯಾಸಿ ಫುಟ್‌ಬಾಲ್ ಕ್ಲಬ್‌ಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಆಟಗಾರರಿಗೆ ಮೂತ್ರದ ಮಾದರಿ ಕೊಡುವ ಕಿಟ್‌ಗಳನ್ನು ಕ್ಲಬ್ಬಿನಲ್ಲೇ ಒದಗಿಸಲಾಯಿತು. ಕೆಲವೆಡೆ ತಂಡದ ನಾಯಕ, ಕೆಲವೆಡೆ ಆರೋಗ್ಯ ಸಲಹೆಗಾರರು ವಿಷಯ ತಿಳಿಸಿದರು. ಉಳಿದೆಡೆ ಇದ್ದದ್ದು ಗೋಡೆಯ ಮೇಲಿನ ಪೋಸ್ಟರ್ ಮಾತ್ರ. ಪರೀಕ್ಷೆಗೆ ಒಪ್ಪಿದವರು ಕ್ರಮವಾಗಿ ಶೇ 50, ಶೇ 67 ಮತ್ತು ಶೇ 61. ಉಪದೇಶವಿಲ್ಲದೆಯೂ ಅರ್ಧಕ್ಕಿಂತ ಹೆಚ್ಚು ಮಂದಿ ಮುಂದೆ ಬಂದರೆಂಬುದು ಗಮನಾರ್ಹ. ಕಿಟ್ ಕೈಗೆಟಕುವಂತಿದ್ದುದೇ ಮುಖ್ಯವಾಗಿತ್ತು.

ಅದೇ ಲಂಡನ್ನಿನ ಲ್ಯಾಂಬೆತ್ ಮತ್ತು ಸದಕ್ ಪ್ರದೇಶಗಳ 2,072 ಯುವಜನರ ಮೇಲೆ ನಡೆದ ಇನ್ನೊಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅಂತರ್ಜಾಲದ ಮೂಲಕ ಕಿಟ್ ತರಿಸಿಕೊಳ್ಳುವ ಅವಕಾಶ ಪಡೆದವರಲ್ಲಿ ಆರು ವಾರಗಳೊಳಗೆ ಪರೀಕ್ಷೆ ಮಾಡಿಸಿಕೊಂಡವರು ಶೇ 50. ಕ್ಲಿನಿಕ್‌ಗಳ ವಿವರ ಮಾತ್ರ ಪಡೆದವರಲ್ಲಿ ಈ ಪ್ರಮಾಣ ಶೇ 27ರಷ್ಟಿತ್ತು.

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಟುಲೇನ್ ವಿಶ್ವವಿದ್ಯಾಲಯದ ‘ಚೆಕ್ ಇಟ್’ ಯೋಜನೆ ಇನ್ನೂ ಮುಂದೆ ಹೋಯಿತು. 15ರಿಂದ 24 ವರ್ಷದ ಕಪ್ಪುವರ್ಣೀಯ ಯುವಕರನ್ನು ಅವರು ಓಡಾಡುವ ತಾಣಗಳಲ್ಲೇ ಭೇಟಿಯಾಗಿ ಕ್ಲಮಿಡಿಯಾ ಪರೀಕ್ಷೆ ನಡೆಸಿತು. ಸೋಂಕು ಕಂಡುಬಂದರೆ ಯುವಕನ ಜೊತೆಗೆ ಆತನ ಸಂಗಾತಿಗೂ ಔಷಧಿ ತಲುಪಿಸುವ ವ್ಯವಸ್ಥೆ ಅದರಲ್ಲಿತ್ತು.

ಬೇಕಾದದ್ದು ಏನು?

ಈ ಪ್ರಯೋಗಗಳಿಂದ ತಿಳಿದುಬರುವುದು ಇಷ್ಟೆ. ಗಂಡಸರು ಪರೀಕ್ಷೆಯನ್ನು ನಿರಾಕರಿಸುವುದಿಲ್ಲ. ನಾಲ್ಕು ಜನರ ಕಣ್ಣಿಗೆ ಬೀಳುವುದನ್ನು, ಕೂಲಿ ಕಳೆದುಕೊಳ್ಳುವುದನ್ನು ನಿರಾಕರಿಸುತ್ತಾರೆ. ನೋವಿನ ಭಯವೂ ಈಗ ಅನಗತ್ಯ. ಕ್ಲಮಿಡಿಯಾ ಮತ್ತು ಗೊನೋರಿಯಾ ಪತ್ತೆಗೆ, ಒಂದು ಗಂಟೆಯಾದರೂ ಮೂತ್ರ ತಡೆದು, ನಂತರ ಮೊದಲು ಬರುವ ಭಾಗವನ್ನು ಹಿಡಿದುಕೊಟ್ಟರೆ ಸಾಕು.

ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷೆಗೂ ಮಿತಿಯುಂಟು. ಎಚ್‌ಐವಿ ಸ್ವಯಂಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿತಾದರೂ, ಸೋಂಕಿನ ಸೂಚನೆ ಬಂದಲ್ಲಿ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳಲೇಬೇಕು. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಫಲಿತಾಂಶ ‘ಇಲ್ಲ’ ಎಂದೇ ಬರಬಹುದು. ಚಿಕಿತ್ಸೆಗೆ ಜೋಡಣೆಯಾಗದ ಪರೀಕ್ಷೆ ಅರ್ಧ ಕೆಲಸವಷ್ಟೆ.

ನಮ್ಮಲ್ಲಿರುವ ವ್ಯವಸ್ಥೆ

ನಮ್ಮಲ್ಲಿ ಸೌಲಭ್ಯಗಳಿಲ್ಲವೆಂದಲ್ಲ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಮತ್ತು ಆಪ್ತ ಸಮಾಲೋಚನೆ ಉಚಿತ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಕಾನೂನಿನಲ್ಲಿ ಹೇಳಿರುವ ಸಂದರ್ಭಗಳ ಹೊರತು ಫಲಿತಾಂಶವನ್ನು ಬಹಿರಂಗಪಡಿಸುವಂತೆಯೂ ಇಲ್ಲ. 1097 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಮಾಹಿತಿ ಪಡೆಯಬಹುದು.

ಇತರ ಲೈಂಗಿಕ ಸೋಂಕುಗಳಿಗೆ ‘ಸುರಕ್ಷಾ’ ಕ್ಲಿನಿಕ್‌ಗಳಿವೆ. ಇಲ್ಲಿ ರೋಗಲಕ್ಷಣ ಆಧರಿಸಿ, ಬಣ್ಣಗಳಿಂದ ಗುರುತಿಸಲಾದ ಏಳು ಬಗೆಯ ಔಷಧಿ ಕಿಟ್‌ಗಳನ್ನು ನೀಡುವ ಪದ್ಧತಿ ಬೆಳೆದುಬಂದಿದೆ. ಪ್ರಯೋಗಾಲಯಕ್ಕೆ ಕಾಯದೆ ಅದೇ ದಿನ ಚಿಕಿತ್ಸೆ ದೊರೆಯುವುದು ಇದರ ಲಾಭ. ಆದರೆ ಲಕ್ಷಣವೇ ಇಲ್ಲದ ಗಂಡಸು ಈ ಬಲೆಗೆ ಬೀಳುವುದಿಲ್ಲ.

ಜನರಿದ್ದಲ್ಲಿಗೆ ಹೋಗುವುದು ನಮಗೆ ಹೊಸತೂ ಅಲ್ಲ. ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ 2003ರಲ್ಲಿ ಆರಂಭವಾದ ‘ಆವಾಹನ್’ ಕಾರ್ಯಕ್ರಮ, ರಾಷ್ಟ್ರೀಯ ಹೆದ್ದಾರಿಗಳಲ್ಲಿ ಲಾರಿಗಳು ತಂಗುವ ತಾಣಗಳ ಬಳಿಯೇ ಚಾಲಕರಿಗಾಗಿ ಕ್ಲಿನಿಕ್‌ಗಳನ್ನು ತೆರೆದಿತ್ತು.

ಅದೇ ವಿವೇಕ ಇಂದು ನಗರದೊಳಕ್ಕೆ ಬರಬೇಕಾಗಿದೆ. ವಾರಕ್ಕೆರಡು ಸಂಜೆಯಾದರೂ ಕೇಂದ್ರಗಳು ತೆರೆದಿರಲಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ತಪಾಸಣಾ ಶಿಬಿರದಲ್ಲೇ ಈ ಪರೀಕ್ಷೆಯೂ ಇದ್ದರೆ ಯಾರು ಯಾವುದಕ್ಕೆ ಬಂದರೆಂಬುದು ಯಾರಿಗೂ ತಿಳಿಯದು. ಪತ್ನಿಯೊಂದಿಗೆ ಆಸ್ಪತ್ರೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕಾಯುವ ಪತಿಯನ್ನು ಒಳಗೆ ಕರೆದು ಕೇಳಲು ಹೆಚ್ಚಿನ ಖರ್ಚೇನೂ ಬೇಕಿಲ್ಲ. ಆ ಒಂದು ಕರೆ ಆತನ ಜೊತೆಗೆ ತಾಯಿ-ಮಗುವನ್ನೂ ಉಳಿಸಬಲ್ಲದು.